ಸಂಜೆಯ ಬೆಲೆ

ಮಲ್ಲಿಗೆಗೆ ಒಂದೇ ಕಾನೂನು. ಬೆಳಿಗ್ಗೆ ಅದು ರಾಣಿ, ಮಧ್ಯಾಹ್ನ ಸೊಸೆ, ಕತ್ತಲಾದ ಮೇಲೆ ಅದನ್ನು ದನವೂ ಮೂಸುವುದಿಲ್ಲ. ಶಂಕರಪುರದ ಸಿಸಿಲಿಯಾ ಈ ಕಾನೂನನ್ನು ಶಿಲುಬೆಯ ಗುರುತು ಹಾಕಲು ಕಲಿಯುವ ಮೊದಲೇ ಕಲಿತಿದ್ದಳು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಚೆಂಡು ಚೆಂಡಾಗಿ ಕಟ್ಟಿ, ಒಂದು ಪಾಲನ್ನು ಏಜೆಂಟನಿಗೆ ಕೊಟ್ಟು, ಉಳಿದದ್ದನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಕಟಪಾಡಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಬಂದು ಕೂರುವುದು ಅವಳ ಕ್ರಮ. ಹನ್ನೊಂದು ಗಂಟೆಗೆ ಚೆಂಡಿಗೆ ಮೂರು ರೂಪಾಯಿ ಎಂದರೆ ಮೂರೇ, ದೇವರು ಬಂದು ಕೇಳಿದರೂ ಕಡಿಮೆ ಇಲ್ಲ. ನಾಲ್ಕಕ್ಕೆ ಎರಡು. ದೀಪ ಹಚ್ಚುವ ಹೊತ್ತಿಗೆ, "ಎಂತ ಕೊಡ್ತೀರಿ ಕೊಡಿ ಮಾರಾಯ್ರೆ, ತೆಗೊಂಡು ಹೋಗಿ." ಬುಟ್ಟಿ ಖಾಲಿಯಾಗದೆ ಮನೆಗೆ ಬಂದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಬಾಡಿದ ಹೂವನ್ನು ಮನೆಗೆ ಹೊತ್ತು ತರುವವಳು ವ್ಯಾಪಾರದ ಹೆಂಗಸೇ ಅಲ್ಲ ಎಂದು ಅವಳ ಅಮ್ಮ ಹೇಳುತ್ತಿದ್ದರು. ಅಮ್ಮ ಹೇಳಿದ್ದನ್ನು ಸಿಸಿಲಿಯಾ ಯಾವತ್ತೂ ಪ್ರಶ್ನಿಸಿದವಳಲ್ಲ.

ಇಂಥವಳ ಕೈಗೆ ಮರದ ಸಾಮಾನು ಮಾರುವ ಕೆಲಸ ಬಂತು ನೋಡಿ. ಆದದ್ದೆಲ್ಲ ಅದರಿಂದಲೇ ಆಯಿತು.

ಅವಳ ಗಂಡ ಬೆಂಜಮಿನ್ ಮರ ಕಡೆಯುವವನು. ಎರಡು ಗಟ್ಟಿ ಕಂಬಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ, ಒಬ್ಬರು ಆ ಹಗ್ಗವನ್ನು ಒಮ್ಮೆ ಈ ಕೈಯಲ್ಲಿ ಒಮ್ಮೆ ಆ ಕೈಯಲ್ಲಿ ಎಳೆಯುತ್ತಿದ್ದರೆ ಮರ ಗರಗರ ತಿರುಗುತ್ತದೆ. ಎದುರು ಕೂತವನು ಉಳಿ ಹಿಡಿದು ಅದನ್ನು ಉರುಟಾಗಿಸುತ್ತಾನೆ. ಅಪ್ಪನ ಕಾಲದಿಂದ ಬಂದ ಆ ಲೇತಿಗೆ ಕರೆಂಟು ಇರಲಿಲ್ಲ, ಮೋಟರೂ ಇರಲಿಲ್ಲ. ಮೋಟರು ಅಂದರೆ ಸಿಸಿಲಿಯಾ.

ಮೊದಲೆಲ್ಲ ಕೆಲಸಕ್ಕೆ ಬರ ಇರಲಿಲ್ಲ. ಮಂಚದ ಕಾಲು, ತೊಟ್ಟಿಲಿನ ಸರಳು, ಇಗರ್ಜಿಯ ಕಟಾಂಜನದ ಕಂಬಿ, ಶ್ರೀಮಂತರ ಮನೆಯ ಮೆಟ್ಟಿಲಿನ ಕಂಬ ಎಂದು ಕಾಪುವಿನಿಂದ ಕಾರ್ಕಳದವರೆಗೆ ಕರೆ ಬರುತ್ತಿತ್ತು. ಎಪ್ಪತ್ತೆಂಟನೆಯ ಇಸವಿಯ ಹೊತ್ತಿಗೆ ಎಲ್ಲರ ಮನೆಗೂ ಕಬ್ಬಿಣದ ಮಂಚ ಬಂದಾಗಿತ್ತು. ಕಬ್ಬಿಣಕ್ಕೆ ತಿಗಣೆ ಹಿಡಿಯುವುದಿಲ್ಲವಂತೆ. ಒಂದು ಯಃಕಶ್ಚಿತ್ ತಿಗಣೆಯಿಂದಾಗಿ ಬೆಂಜಮಿನನ ಅನ್ನಕ್ಕೆ ಕಲ್ಲು ಬಿತ್ತು. ಅವನು ಸಣ್ಣ ಸಾಮಾನುಗಳಿಗೆ ಇಳಿದ. ಹಲಸಿನ ಬಟ್ಟಲು, ಮೇಣದಬತ್ತಿಯ ಕಂಬ, ಕುಂಕುಮದ ಭರಣಿ, ಮುಚ್ಚಳದ ಕರಡಿಗೆ. ಇಗರ್ಜಿಯಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೇಳಿ ತಂದು, ತಿರುಗುವ ಮರಕ್ಕೆ ಒತ್ತಿ ಹಿಡಿದು ಹೊಳಪು ಕೊಡುತ್ತಿದ್ದ.

ಸಿಸಿಲಿಯಾ ಕಟಪಾಡಿಯಿಂದ ಬಂದು, ಕಾಲು ತೊಳೆದು, ಚಾ ಕುಡಿದು, ಹಗ್ಗದ ಮುಂದೆ ಕೂರುತ್ತಿದ್ದಳು. ಲಾಟೀನು ಹಚ್ಚಿಕೊಂಡು, ಇಗರ್ಜಿಯಲ್ಲಿ ರಾತ್ರಿಯ ಗಂಟೆ ಹೊಡೆಯುವವರೆಗೆ ಕೆಲಸ. ಇಬ್ಬರೂ ಎದುರೆದುರು, ನಡುವೆ ತಿರುಗುವ ಮರ. ಮಾತು ಹೆಚ್ಚಿಲ್ಲ. "ಮೆಲ್ಲ," ಎನ್ನುತ್ತಿದ್ದ ಅವನು, ಇಲ್ಲವಾದರೆ "ಈಗ ಜೋರು." ಅವಳ ಕಾಲ ಮೇಲೆ ಮರದ ಸುರುಳಿ ಸುರುಳಿ ಹೊಟ್ಟು ಬೀಳುತ್ತಿತ್ತು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿಯಲು ಹೋದ ಮೇಲೆ ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವುದು ಅದೊಂದೇ ಹೊತ್ತು. ಸಿಸಿಲಿಯಾಗೆ ಆ ಹೊತ್ತೆಂದರೆ ಜೀವ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗಂತೂ ಇಲ್ಲವೇ ಇಲ್ಲ.

ಆ ವರ್ಷ ಕ್ರಿಸ್ಮಸ್ಸಿಗೆ ಅವಳ ತಮ್ಮ ಪೀಟರ್ ಬಹರೇನಿನಿಂದ ಬಂದ. ಸೆಂಟಿನ ಬಾಟಲಿ, ಟೇಪ್ ರೆಕಾರ್ಡರು, ತಂಪು ಕನ್ನಡಕ ಎಲ್ಲದರ ಜೊತೆಗೆ ಒಂದು ಸುದ್ದಿಯನ್ನೂ ತಂದಿದ್ದ.

"ಭಾವ, ನಮ್ಮ ಕಂಪೆನಿಗೆ ಬಡಗಿಗಳು ಬೇಕಂತೆ. ನಿಮಗೆ ವೀಸಾ ಮಾಡಿಸ್ತೇನೆ. ಫೆಬ್ರವರಿಯಲ್ಲಿ ನಾನು ಹಿಂದೆ ಹೋಗುವ ಮೊದಲು ಹೂಂ ಅನ್ನಿ ಸಾಕು."

"ಅಲ್ಲಿ ಎಂತ ಕೆಲಸ?" ಬೆಂಜಮಿನ್ ಕೇಳಿದ.

"ಕಾಂಕ್ರೀಟಿಗೆ ಹಲಗೆ ಹೊಡೆಯುವುದು. ಸೆಂಟ್ರಿಂಗ್."

"ಕಡೆಯುವುದು?"

ಪೀಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮರುಭೂಮಿಯಲ್ಲಿ ಎಂತದ್ದು ಕಡೆಯುವುದು ಭಾವ? ಒಂಟೆಯ ಕಾಲಾ? ಮೊಳೆ ಹೊಡೆಯಿರಿ, ದಿನಾರು ಎಣಿಸಿ. ದುಡ್ಡೇ ದೊಡ್ಡಪ್ಪ."

ಊರೆಲ್ಲ ಹೋಗು ಹೋಗು ಎಂದಿತು. ಅವಳ ಅಮ್ಮ ಎಂದರು, ಪಾದ್ರಿಗಳು ಎಂದರು, ಮಗಳ ಫೀಸಿನ ಚೀಟಿಯೂ ಅದನ್ನೇ ಎಂದಿತು. ಸಿಸಿಲಿಯಾ ಮಾತ್ರ ಬಾಯಿ ಬಿಡಲಿಲ್ಲ. ಗಂಡ ಗಲ್ಫಿಗೆ ಹೋದ ಹೆಂಗಸರನ್ನು ಅವಳು ನೋಡಿದ್ದಳು. ಮೈಮೇಲೆ ಹೊಸ ಸರ, ಮನೆಗೆ ಹೊಸ ಹಂಚು. ಎರಡು ವರ್ಷಕ್ಕೊಮ್ಮೆ ನೆಂಟನ ಹಾಗೆ ಬಂದು ಹೋಗುವ ಗಂಡ. ಅವಳಿಗೆ ಅದು ಬೇಡವಾಗಿತ್ತು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸು, "ನೀವು ಎದುರು ಕೂತಿರಬೇಕು, ಅದಕ್ಕೆ ಹೋಗಬೇಡಿ" ಎಂದು ಹೇಗೆ ಹೇಳುವುದು? ನಗುವುದಿಲ್ಲವಾ ಜನ!

ಬೆಂಜಮಿನನಿಗೂ ಹೋಗುವ ಮನಸ್ಸಿರಲಿಲ್ಲ. ಆದರೆ ಅವನು ಕಾರಣ ಬೇಕೆನ್ನುವ ಗಂಡಸು. ಫೆಬ್ರವರಿ ಮೊದಲ ವಾರ ಮಣಿಪಾಲದಲ್ಲಿ ಹೆಂಗಸರ ಒಂದು ಸಂಘದವರು ಶಾಲೆಯ ಹಾಲಿನಲ್ಲಿ ಮೂರು ದಿನ ಕರಕುಶಲ ವಸ್ತುಗಳ ಪ್ರದರ್ಶನ, ಮಾರಾಟ ಇಟ್ಟುಕೊಂಡಿದ್ದರು. ಬೆಂಜಮಿನನಿಗೂ ಒಂದು ಮೇಜು ಕೊಟ್ಟಿದ್ದರು. ಅವನು ಎಲ್ಲರ ಮುಂದೆ ಹೇಳಿಬಿಟ್ಟ, "ನನ್ನ ಮೇಜು ಮೂರು ದಿನದಲ್ಲಿ ಖಾಲಿಯಾದರೆ ನಾನು ಇಲ್ಲೇ ಇರುತ್ತೇನೆ. ಒಂದು ಸಾಮಾನು ಉಳಿದರೂ ಪಾಸ್‌ಪೋರ್ಟಿಗೆ ಫೋಟೋ ತೆಗೆಸುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು."

ಪೀಟರ್ ಕೈ ಚಾಚಿದ, ಭಾವ ಕೈ ಕೊಟ್ಟ. ಸಿಸಿಲಿಯಾ ಒಲೆಯ ಮುಂದೆ ನಿಂತು ಕೇಳಿಸಿಕೊಂಡಳು. ಖಾಲಿ ಮಾಡುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪ್ರದರ್ಶನಕ್ಕೆ ಮುಂಚೆ ಬೆಲೆಯ ಚೀಟಿ ಬರೆಯಲು ಇಬ್ಬರೂ ಕೂತರು. ಪ್ರತಿ ಸಾಮಾನಿಗೂ ಚೀಟಿ ಕಟ್ಟಿಯೇ ತರಬೇಕೆಂದು ಸಂಘದವರ ಅಪ್ಪಣೆ. ಬೆಂಜಮಿನ್ ತಲೆ ಕೆರೆದುಕೊಂಡ.

"ಕೊಟ್ಟಷ್ಟು ಕೊಡಲಿ ಸಿಸಿಲ್."

"ಕೊಟ್ಟಷ್ಟು ಕೊಡಲಿಕ್ಕೆ ಇದೆಂತ ಇಗರ್ಜಿಯ ಕಾಣಿಕೆ ಡಬ್ಬಿಯಾ? ಹೇಳಿ, ಈ ಬಟ್ಟಲಿಗೆ ಎಷ್ಟು ಹೊತ್ತು ಹಿಡಿಯಿತು?"

ಅವನು ಹೇಳಿದ. ಅವಳು ಮರದ ದುಡ್ಡು ಹಾಕಿದಳು, ಬಡಗಿಯ ದಿನಗೂಲಿಯ ಲೆಕ್ಕದಲ್ಲಿ ಅವನ ಕೂಲಿ ಹಾಕಿದಳು, ಕೂಡಿಸಿ ಚೀಟಿಯ ಮೇಲೆ ಹನ್ನೆರಡು ಎಂದು ಬರೆದಳು.

"ನಿನ್ನದು?" ಎಂದ ಬೆಂಜಮಿನ್.

"ನನ್ನದೆಂತ?"

"ಹಗ್ಗ ಎಳೆದದ್ದು."

ಸಿಸಿಲಿಯಾಗೆ ನಗು ತಡೆಯಲಾಗಲಿಲ್ಲ. "ಗಂಡನ ಹಗ್ಗ ಎಳೆದದ್ದಕ್ಕೆ ಕೂಲಿ ಕೇಳುವವಳು ಯಾವ ಊರಲ್ಲಿದ್ದಾಳೆ? ನಾಳೆ ಗಂಜಿ ಬೇಯಿಸಿದ್ದಕ್ಕೂ ಚೀಟಿ ಕಟ್ಟುವುದಾ?"

"ಸೇರಿಸು. ಅರ್ಧ ಕೆಲಸ ನಿನ್ನದೇ. ನೀನು ಎಳೆಯದಿದ್ದರೆ ನಾನು ಉಳಿ ಹಿಡಿದು ಎಂತ ಮಾಡುವುದು, ಹಲ್ಲು ಕೆರೆಯುವುದಾ?"

ಅವಳು ಸೇರಿಸಲಿಲ್ಲ. ಬೆಲೆ ಏರಿದರೆ ಮೇಜು ಖಾಲಿಯಾಗುವುದು ಹೇಗೆ?

ಕೊನೆಗೆ ಬೀಟೆಯ ಕರಡಿಗೆ ಉಳಿಯಿತು. ಅಪ್ಪ ಇಟ್ಟುಹೋದ ಬೀಟೆಯ ಒಂದೇ ಒಂದು ತುಂಡಿನಲ್ಲಿ ಬೆಂಜಮಿನ್ ಅದನ್ನು ಮಾಡಿದ್ದ. ಮುಚ್ಚಳವನ್ನು ಅದರ ಬಾಯಿಗಿಟ್ಟು ಕೈ ಬಿಟ್ಟರೆ ದೊಪ್ಪೆಂದು ಬೀಳುವುದಿಲ್ಲ. ಒಳಗಿನ ಗಾಳಿ ಹೊರಗೆ ಹೋದ ಹಾಗೆ ಮೆಲ್ಲ ಮೆಲ್ಲನೆ ಇಳಿದು, ಕಡೆಗೆ ಉಸ್ಸೆಂದು ಕೂರುತ್ತದೆ. ಅದನ್ನು ಕಡೆಯುವಾಗ "ಮೆಲ್ಲ, ಇನ್ನೂ ಮೆಲ್ಲ" ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು, ಹಗ್ಗ ಹಿಡಿದ ಅವಳ ರಟ್ಟೆ ಸೋತಿತ್ತು. ಅರವತ್ತು ರೂಪಾಯಿ ಎಂದು ಬರೆದರು. ಬರೆದವಳಿಗೇ ಹೆದರಿಕೆಯಾಯಿತು.

ಚಳಿಗಾಲವಾದ್ದರಿಂದ ಮಲ್ಲಿಗೆ ಅಷ್ಟಕ್ಕಷ್ಟೇ. ಅಮ್ಮನಿಗೆ ಗಿಡ ಒಪ್ಪಿಸಿ ಸಿಸಿಲಿಯಾ ಗಂಡನ ಜೊತೆ ಎರಡು ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ಗುಡ್ಡ ಏರುವಾಗ ಎರಡೂ ಬದಿ ಕಟ್ಟಡಗಳೇ ಏಳುತ್ತಿದ್ದವು. ಅರ್ಧ ಕಟ್ಟಿದ ಮಾಳಿಗೆಗಳ ಕೆಳಗೆ ಹಲಗೆ, ಊರುಗೋಲು, ಮೊಳೆ ಹೊಡೆಯುವ ಸದ್ದು.

ಹಾಲಿನಲ್ಲಿ ಅವರನ್ನು ಬರಮಾಡಿಕೊಂಡವರು ಸಂಘದ ಪ್ರಫುಲ್ಲಾ, ಒಬ್ಬ ಡಾಕ್ಟರರ ಹೆಂಡತಿ, ಒಳ್ಳೆಯ ಮಾತಿನ ಹೆಂಗಸು. ಕರಡಿಗೆಯ ಮುಚ್ಚಳ ಎತ್ತಿ ಕೈ ಬಿಟ್ಟು, ಅದು ಇಳಿಯುವುದನ್ನು ಕಣ್ಣರಳಿಸಿ ನೋಡಿದರು. ಇನ್ನೊಮ್ಮೆ ಎತ್ತಿ ಬಿಟ್ಟರು. ಚೀಟಿ ತಿರುಗಿಸಿ ನೋಡಿ, "ಅರವತ್ತು! ಮನೆಯವರನ್ನು ಕೇಳಬೇಕು," ಎಂದು ನಗುತ್ತಾ ಹೋದರು.

ಪಕ್ಕದ ಮೇಜು ಮಟ್ಟುವಿನ ಕುಶಲಾಳದ್ದು. ಓಲೆಯ ಚಾಪೆ, ಬುಟ್ಟಿ. ನಾಲಗೆಗೆ ಎಲುಬಿಲ್ಲದ ಹೆಂಗಸು, ಆದರೆ ಮನಸ್ಸಿನಲ್ಲಿ ವಿಷ ಇಲ್ಲ.

ಬೆಲೆ ಹೇಳುವ ಕಡೆ ಬೆಂಜಮಿನ್ ನಿಲ್ಲುತ್ತಿರಲಿಲ್ಲ. ಯಾರಾದರೂ ಅವನ ಬಟ್ಟಲನ್ನು ಕೈಯಲ್ಲಿ ಹಿಡಿದು "ಇದಕ್ಕೆಷ್ಟು?" ಎಂದರೆ ತನ್ನ ಕಿವಿಯನ್ನೇ ಹಿಡಿದು ಕೇಳಿದ ಹಾಗೆ ಆಗುತ್ತಿತ್ತು ಅವನಿಗೆ. ಮೇಜು ಜೋಡಿಸಿದವನೇ ಹೊರಗೆ ಗೇರುಮರದ ಕೆಳಗೆ ಬೀಡಿ ಹಚ್ಚಿ ಕೂತ.

ಬೆಳಿಗ್ಗೆ ವ್ಯಾಪಾರ ಚೆನ್ನಾಗಿಯೇ ಆಯಿತು. ಎರಡು ಬಟ್ಟಲು, ಒಂದು ಜೊತೆ ಮೇಣದಬತ್ತಿಯ ಕಂಬ, ಚೀಟಿಯ ಬೆಲೆಗೇ ಹೋದವು. ಸಿಸಿಲಿಯಾ ನೆಟ್ಟಗೆ ಕೂತು, ಕಟಪಾಡಿಯಲ್ಲಿ ಹನ್ನೊಂದು ಗಂಟೆಗೆ ಕೂರುವ ಹಾಗೆಯೇ ಕೂತು, "ಒಂದೇ ಬೆಲೆ ಅಮ್ಮ" ಎಂದಳು. ಮಧ್ಯಾಹ್ನ ಕಳೆಯಿತು. ಗೋಡೆಯ ಮೇಲಿನ ಬಿಸಿಲು ಹಳದಿಯಾಯಿತು. ನಾಲ್ಕು ಗಂಟೆಗೆ ಅವಳ ಹೊಟ್ಟೆಯೊಳಗೆ ಒಂದು ಗಡಿಯಾರ ಹೊಡೆಯಿತು, ಅಮ್ಮ ಕಟ್ಟಿಕೊಟ್ಟ ಗಡಿಯಾರ. ಮೇಜಿನ ತುಂಬ ಸಾಮಾನು ಹಾಗೆಯೇ ಉಂಟು, ಹೊತ್ತು ಇಳಿಯುತ್ತಾ ಉಂಟು. ಮರ ಬಾಡುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಲೆಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

"ಬನ್ನಿ ಅಮ್ಮ, ನಿಮಗೆ ಎಂಟಕ್ಕೆ ಕೊಡ್ತೇನೆ," ಎಂದಿತು ಬಾಯಿ.

ಐದು ಗಂಟೆಗೆ ಅದು ಆರು ರೂಪಾಯಿ ಆಯಿತು. ದೀಪ ಹಾಕುವ ಹೊತ್ತಿಗೆ, "ಎಂತ ಕೊಡ್ತೀರಿ ಕೊಡಿ ಮಾರಾಯ್ರೆ!" ಹೆಂಗಸರು ಮುತ್ತಿಕೊಂಡರು. ಹನ್ನೆರಡರ ಬಟ್ಟಲು ನಾಲ್ಕಕ್ಕೆ ಹೋಯಿತು, ಅದರ ಬೆನ್ನಿಗೆ ಒಂದು ಬುಗುರಿ ಕೊಸರು. ಕುಶಲಾ ಚಾಪೆ ಸುತ್ತುವುದನ್ನೇ ಮರೆತು ನೋಡುತ್ತಾ ನಿಂತಳು.

"ಬಾಯಮ್ಮ, ನಿಮ್ಮ ಮರ ನಾಳೆ ಹಳಸುತ್ತದಾ ಎಂತ?"

"ಹೋದರೆ ಸಾಕು ಮಾರಾಯ್ತಿ."

ಮುಚ್ಚುವ ಹೊತ್ತಿಗೆ ಬೆಂಜಮಿನ್ ಒಳಗೆ ಬಂದ. ಅರ್ಧ ಮೇಜು ಖಾಲಿ! ಅವನ ಮುಖ ಹುಣ್ಣಿಮೆಯಾಯಿತು. "ನೋಡಿದೆಯಾ ಸಿಸಿಲ್, ನಮ್ಮ ಕೆಲಸಕ್ಕೂ ಜನ ಉಂಟು," ಎಂದವನೇ ಉಡುಪಿಯಲ್ಲಿ ಇಳಿದು ಅವಳಿಗೆ ಮಸಾಲೆದೋಸೆ ಕೊಡಿಸಿದ. ಎಷ್ಟಕ್ಕೆ ಹೋಯಿತೆಂದು ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಹೆಂಗಸರು ಸಾಲಾಗಿ ಬಂದರು. ಬಟ್ಟಲನ್ನು ಸವರಿದರು, ಮೂಸಿದರು, ಕೆಳಗಿಟ್ಟರು, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಸಂಜೆ ಬರ್ತೇವೆ ಬಾಯಮ್ಮ." ಸುದ್ದಿ ಗುಡ್ಡವೆಲ್ಲ ಹಬ್ಬಿತ್ತು. ಮಧ್ಯಾಹ್ನದವರೆಗೆ ಒಂದು ಕಡ್ಡಿಯೂ ಹೋಗಲಿಲ್ಲ.

"ಇನ್ನು ನಿಮ್ಮ ಮೇಜಿಗೆ ಬೆಳಿಗ್ಗೆ ಬರುವವರು ಪೆದ್ದರು ಮಾತ್ರ," ಎಂದಳು ಕುಶಲಾ. "ನನ್ನ ಚಾಪೆ ಉಳಿದರೆ ಸುತ್ತಿಕೊಂಡು ಹೋಗ್ತೇನೆ. ಚಾಪೆಗೆ ಕಾಲಿಲ್ಲ, ಓಡಿ ಹೋಗುವುದಿಲ್ಲ."

ಸಂಜೆ ಜಾತ್ರೆಯೇ ಸೇರಿತು. ಅದೇ ಗಲಾಟೆಯ ನಡುವೆ, ಮೊದಲ ದಿನ ಬೆಳಿಗ್ಗೆ ಬಟ್ಟಲು ಕೊಂಡಿದ್ದ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಂದರು. "ನಾನು ಹನ್ನೆರಡು ಕೊಟ್ಟೆ, ನನ್ನ ಪಕ್ಕದ ಮನೆಯವಳು ಅದೇ ಬಟ್ಟಲನ್ನು ನಾಲ್ಕಕ್ಕೆ ತಂದು ನನ್ನ ಮುಖದ ಮುಂದೆ ಹಿಡಿದಳು. ಯಾವುದಮ್ಮ ನಿಮ್ಮ ಸರಿಯಾದ ಬೆಲೆ? ನನ್ನ ತಲೆಯಲ್ಲಿ ಎಂತ, ಹುಲ್ಲು ತುಂಬಿದೆಯಾ?"

ಸಿಸಿಲಿಯಾ ಗಡಬಡಿಸಿ ಒಂದು ಕುಂಕುಮದ ಭರಣಿ ಎತ್ತಿ ಆಕೆಯ ಕೈಗೆ ತುರುಕಿದಳು. "ಇದು ಇಟ್ಟುಕೊಳ್ಳಿ ಅಮ್ಮ, ದುಡ್ಡು ಬೇಡ." ತಲೆ ಎತ್ತಿದರೆ ಎದುರಿಗೆ ಬೆಂಜಮಿನ್. ಗಲಾಟೆ ಕೇಳಿ ಒಳಗೆ ಬಂದವನು ಬಾಗಿಲಿನ ಹತ್ತಿರವೇ ನಿಂತುಬಿಟ್ಟಿದ್ದ. ಪುಕ್ಕಟೆ ಹೋದ ಭರಣಿಯನ್ನು ನೋಡಿದ, ಮೇಜು ನೋಡಿದ. ಅವಳ ಮುಖ ಮಾತ್ರ ನೋಡಲಿಲ್ಲ. ಆ ದಿನ ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಹೋಟೆಲಿನ ಮಾತೇ ಬರಲಿಲ್ಲ.

"ಎಲ್ಲರೂ ಕೊನೆಗೆ ಕಡಿಮೆ ಮಾಡ್ತಾರೆ," ಎಂದಳು ಅವಳು ಬಸ್ಸಿನಲ್ಲಿ.

"ಹೂಂ," ಎಂದ.

ಬೈದಿದ್ದರೆ ಅವಳೂ ಬೈಯುತ್ತಿದ್ದಳು, ಜಗಳವಾಡಿ ಮುಗಿಯುತ್ತಿತ್ತು. ಈ "ಹೂಂ" ಅನ್ನು ಎಂತ ಮಾಡುವುದು?

ಮೂರನೆಯ ದಿನ ಬೆಂಜಮಿನ್ ಹೊರಗೆ ಹೋಗಲಿಲ್ಲ. ಮೇಜಿನ ಹಿಂದೆ, ಅವಳ ಪಕ್ಕದಲ್ಲಿ, ತೊಡೆಯ ಮೇಲೆ ಕೈಯಿಟ್ಟು ಕೂತ. ಬೆಳಿಗ್ಗೆ ಯಾರೂ ಕೊಳ್ಳಲಿಲ್ಲ. ಸಂಜೆ ಎಲ್ಲರೂ ಕೊಂಡರು. ಅವಳ ಬಾಯಿ ತನ್ನಷ್ಟಕ್ಕೆ ಇಳಿಸುತ್ತಾ ಹೋಯಿತು, ಅವನು ಕೇಳುತ್ತಾ ಕೂತ. ಒಂದೊಂದು ಸಾಮಾನು ಹೋಗುವಾಗಲೂ ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟವನು ಅವನೇ. ಸಂಘದವರು ತೋರಣ ಬಿಚ್ಚಲು ಶುರುಮಾಡುವಾಗ ಮೇಜಿನ ಮೇಲೆ ಬೀಟೆಯ ಕರಡಿಗೆ ಒಂದೇ ಉಳಿದಿತ್ತು.

ಪ್ರಫುಲ್ಲಾ ಬಂದರು. ಮೂರು ದಿನವೂ ಅದರ ಮೇಲೆ ಅವರ ಕಣ್ಣಿತ್ತು. ಮುಚ್ಚಳ ಎತ್ತಿ ಬಿಟ್ಟರು, ಅದು ಇಳಿದು ಕೂರುವವರೆಗೆ ಕಾದರು.

"ಸಂಜೆಯ ಬೆಲೆ ಎಷ್ಟು ಸಿಸಿಲಿಯಾಬಾಯಿ? ಹದಿನೈದು ಕೊಡಲಾ?"

ಅವರದೇನೂ ತಪ್ಪಿಲ್ಲ. ಮೂರು ಸಂಜೆ ಆ ಮೇಜಿನ ಪದ್ಧತಿ ನೋಡಿದವರು ಅದನ್ನೇ ಕೇಳಿದರು. ಸಿಸಿಲಿಯಾ ಗಂಡನ ಕಡೆ ತಿರುಗಿದಳು. ಅವನು ತನ್ನ ಅಂಗೈ ನೋಡುತ್ತಿದ್ದ. ಬೇಡ ಎಂದರೆ ಕರಡಿಗೆ ಉಳಿಯುತ್ತದೆ, ಕರಡಿಗೆ ಉಳಿದರೆ ಅವನು ಹೋಗುತ್ತಾನೆ. ಬಹರೇನಿನ ವಿಮಾನ ಅವಳ ಕಣ್ಣಿಗೆ ಕಟ್ಟಿತು. ಹಗ್ಗದ ಆಚೆ ಅವನ ಖಾಲಿ ಮಣೆ ಕಟ್ಟಿತು. ಅವಳು ಒಂದು ಗಳಿಗೆ ಕಾದಳು, ಇವನಾದರೂ "ಬೇಡ ಸಿಸಿಲ್" ಎನ್ನಲಿ ಎಂದು. ಅವನು ಹೇಳಲಿಲ್ಲ. ಕೈ ಕೊಟ್ಟು ಮಾತು ಕೊಟ್ಟವನು, ಹೇಗೆ ಹೇಳಿಯಾನು?

"ಕೊಡಿ ಅಮ್ಮ," ಎಂದಳು ಸಿಸಿಲಿಯಾ.

ಬೆಂಜಮಿನ್ ಅದನ್ನೂ ಕಾಗದದಲ್ಲಿ ಸುತ್ತಿದ. ಉಳಿದವಕ್ಕಿಂತ ಒಂದು ಸುತ್ತು ಹೆಚ್ಚು ಸುತ್ತಿದ.

ಬಸ್ಸಿನಲ್ಲಿ ಖಾಲಿ ಬುಟ್ಟಿಗಳು ಒಂದರೊಳಗೊಂದು ಕೂತಿದ್ದವು. "ಖಾಲಿ ಆಯ್ತಲ್ಲ," ಎಂದಳು.

"ಆಯ್ತು."

"ಹಾಗಾದರೆ ಹೋಗುವುದಿಲ್ಲ, ಅಲ್ವಾ?"

"ಆಡಿದ ಮಾತು ಆಡಿದ್ದೇ. ಹೋಗುವುದಿಲ್ಲ."

ಅವಳಿಗೆ ಅಷ್ಟೇ ಬೇಕಿತ್ತು. ಗೆದ್ದೆ ಎಂದುಕೊಂಡು ಆ ರಾತ್ರಿ ನೆಮ್ಮದಿಯಾಗಿ ಮಲಗಿದಳು.

ಸೋಮವಾರ ಬೆಳಿಗ್ಗೆ ಅವಳು ಹೂ ಕೊಯ್ದು ಬರುವಾಗ ಬೆಂಜಮಿನ್ ಅಂಗಿ ಹಾಕಿಕೊಂಡು ಹೊರಟಿದ್ದ. ಚೀಲದಲ್ಲಿ ಸುತ್ತಿಗೆ, ಗರಗಸ, ಬುತ್ತಿ.

"ಎಲ್ಲಿಗೆ?"

"ಮಣಿಪಾಲಕ್ಕೆ. ಸೆಂಟ್ರಿಂಗ್ ಕೆಲಸಕ್ಕೆ ಜನ ಬೇಕಂತೆ, ಕಂಟ್ರಾಕ್ಟರ್ ಹತ್ತಿರ ಮಾತಾಡಿ ಬಂದೆ."

ಪೀಟರನಿಗೆ ಸಿಟ್ಟು ನೆತ್ತಿಗೇರಿತು. ವಿಮಾನ ಹತ್ತುವ ಮೊದಲು ಮನೆಗೆ ಬಂದು ಕೂಗಾಡಿದ. "ಅಲ್ಲಿ ಹೊಡೆಯುವ ಮೊಳೆಯನ್ನೇ ಇಲ್ಲಿ ಹೊಡೆಯುತ್ತೀರಲ್ಲ ಭಾವ! ಅಲ್ಲಿ ಹೊಡೆದಿದ್ದರೆ ದಿನಾರಾದರೂ ಸಿಗುತ್ತಿತ್ತು. ಅಕ್ಕ, ನೀನಾದರೂ ಹೇಳು."

ಸಿಸಿಲಿಯಾ ಇಂಗು ತಿಂದ ಮಂಗನ ಹಾಗೆ ನಿಂತಿದ್ದಳು. ಬೆಂಜಮಿನ್ ಶಾಂತವಾಗಿ ಚಾ ಕುಡಿಯುತ್ತಿದ್ದ.

"ಇಲ್ಲಿ ಕೂಲಿ ಕಡಿಮೆ ಪೀಟರ್, ಒಪ್ಪಿದೆ. ಆದರೆ ಬೆಳಿಗ್ಗೆ ಹೇಳಿದ್ದನ್ನೇ ಸಂಜೆಯೂ ಕೊಡ್ತಾರೆ," ಎಂದ.

ಅದು ಅವಳಿಗೇ ಹೇಳಿದ್ದು. ಸಿಸಿಲಿಯಾ ಹಿತ್ತಿಲಿಗೆ ಹೋಗಿ ಅತ್ತಳು.

ಅವನು ಮಾತು ತಪ್ಪಲಿಲ್ಲ. ಊರಿನಲ್ಲೇ ಇದ್ದ. ದಿನಾ ಸಂಜೆ ಕೈಗೆ ಸಿಮೆಂಟು ಹಿಡಿಸಿಕೊಂಡು ಬಂದು, ಸ್ನಾನ ಮಾಡಿ, ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ. ಜಗಳ ಇಲ್ಲ, ಕುಡಿತ ಇಲ್ಲ, ಶನಿವಾರದ ಕೂಲಿ ಸರಿಯಾಗಿ ಅವಳ ಕೈಗೆ. ಊರವರು ಅದೃಷ್ಟವಂತೆ ಎಂದರು. ಲೇತಿನ ಮೇಲೆ ಕೋಳಿಗಳು ಕೂರತೊಡಗಿದವು. ಒಮ್ಮೆ ಅವಳು, "ನನಗೊಂದು ಲಟ್ಟಣಿಗೆ ಆದರೂ ಮಾಡಿಕೊಡಿ," ಎಂದು ಕೇಳಿದಳು. "ಕಟಪಾಡಿಯ ಅಂಗಡಿಯಲ್ಲಿ ಸಿಗ್ತದೆ," ಎಂದ. ಅದನ್ನೂ ಮೆತ್ತಗೆಯೇ ಹೇಳಿದ.

ಮೇ ತಿಂಗಳಲ್ಲಿ ಬಾವಿಯ ಹಗ್ಗ ತುಂಡಾಯಿತು. ಬೆಂಜಮಿನ್ ಲೇತಿನ ಹಗ್ಗವನ್ನು ಬಿಚ್ಚಿ ಕೊಡಪಾನಕ್ಕೆ ಕಟ್ಟಿದ. ಮಲ್ಪೆಯ ದೋಣಿಯವರಿಂದ ತಂದ ಗಟ್ಟಿ ನೈಲಾನ್ ಹಗ್ಗ ಅದು, ಸುಲಭಕ್ಕೆ ಸವೆಯುವಂಥದ್ದಲ್ಲ. ಅಲ್ಲಿಂದ ಮುಂದೆ ಸಿಸಿಲಿಯಾ ದಿನಾ ಅದೇ ಹಗ್ಗ ಎಳೆದಳು. ಮೆಲ್ಲ ಎನ್ನುವವರಿಲ್ಲ, ಜೋರು ಎನ್ನುವವರಿಲ್ಲ. ನೀರು ಮೇಲೆ ಬರುತ್ತಿತ್ತು. ಗಂಡನನ್ನು ಉಳಿಸಿಕೊಂಡೆ ಎಂದುಕೊಂಡವಳಿಗೆ ಯಾವುದನ್ನು ಮಾರಿಬಿಟ್ಟೆ ಎಂದು ತಿಳಿದದ್ದು ಆ ಬಾವಿಕಟ್ಟೆಯಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎಂಬತ್ತೆರಡರಲ್ಲಿ ಪ್ರಫುಲ್ಲಾ ಅವರ ಮಗಳಿಗೆ ನಿಶ್ಚಿತಾರ್ಥ. ಶಂಕರಪುರದ ಮಲ್ಲಿಗೆಯೇ ಆಗಬೇಕೆಂದು ಹೇಳಿಕಳಿಸಿದರು. ಸಿಸಿಲಿಯಾ ಯಾರ ಕೈಯಲ್ಲೂ ಕಳಿಸದೆ ತಾನೇ ಬುಟ್ಟಿ ಹೊತ್ತು ಬೆಳಿಗ್ಗೆಯೇ ಮಣಿಪಾಲದ ಗುಡ್ಡ ಹತ್ತಿದಳು. ಹೂ ಎಣಿಸಿ ಕೊಟ್ಟು ಎದ್ದರೆ ಗಾಜಿನ ಕಪಾಟಿನಲ್ಲಿ ಕರಡಿಗೆ.

"ಅದು ನಿಮ್ಮವರು ಮಾಡಿದ್ದಲ್ವಾ?" ಎಂದರು ಪ್ರಫುಲ್ಲಾ. "ಮನೆಗೆ ಬಂದವರೆಲ್ಲ ಮುಚ್ಚಳ ಎತ್ತಿ ಬಿಟ್ಟು ಬಿಟ್ಟು ನೋಡ್ತಾರೆ. ಈಗಲೂ ಮಾಡ್ತಾರಾ?"

"ಇಲ್ಲ ಅಮ್ಮ. ಅಮ್ಮ, ನನಗೆ ಅದು ಬೇಕು. ದುಡ್ಡಿಗೇ ಕೇಳುವುದು."

ಪ್ರಫುಲ್ಲಾ ಅವಳ ಮುಖ ನೋಡಿದರು. ಕೊಡುವ ಮನಸ್ಸು ಅವರಿಗಿರಲಿಲ್ಲ, ಅದು ಕಾಣುತ್ತಿತ್ತು. ಆದರೆ ಸಿಸಿಲಿಯಾಳ ಕಣ್ಣು ತುಂಬಿತ್ತು, ಮನೆಯಲ್ಲಿ ಶುಭಕಾರ್ಯ. ಕಪಾಟು ತೆಗೆದು ಕರಡಿಗೆಯನ್ನು ಅವಳ ಕೈಯಲ್ಲಿಟ್ಟರು. "ನಾನು ಹದಿನೈದೇ ಕೊಟ್ಟದ್ದು. ಅಷ್ಟೇ ಕೊಡಿ."

"ಈಗ ಬೆಳಿಗ್ಗೆ ಅಮ್ಮ," ಎಂದಳು ಸಿಸಿಲಿಯಾ. ಹೂವಿಗೆ ಅವರು ಕೊಟ್ಟ ದುಡ್ಡಿನಿಂದಲೇ ಅರವತ್ತು ಎಣಿಸಿ ಮೇಜಿನ ಮೇಲಿಟ್ಟಳು. ಪ್ರಫುಲ್ಲಾ ಬೇಡ ಬೇಡ ಎಂದರೂ ಕೇಳಲಿಲ್ಲ.

ಸಂಜೆ ಬೆಂಜಮಿನ್ ಬರುವಾಗ ಕರಡಿಗೆ ಜಗಲಿಯ ಮಣೆಯ ಮೇಲಿತ್ತು. ಅವನು ಚೀಲ ಕೆಳಗಿಟ್ಟ. ಬಾವಿಕಟ್ಟೆಗೆ ಹೋಗಿ ಉಗುರಿನ ಸಂದಿಯ ಸಿಮೆಂಟೂ ಹೋಗುವಂತೆ ಕೈ ತೊಳೆದು ಬಂದ. ಮುಚ್ಚಳ ಎತ್ತಿದ, ಕೈ ಬಿಟ್ಟ. ಅದು ಇಳಿದು ಉಸ್ಸೆಂದು ಕೂರುವವರೆಗೆ ಇಬ್ಬರೂ ನೋಡುತ್ತಾ ನಿಂತರು.

"ನೀವು ಹೋಗಬಾರದು ಅಂತ ಹಾಗೆ ಮಾಡಿದೆ," ಎಂದಳು ಸಿಸಿಲಿಯಾ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. "ನೀವು ಎದುರು ಕೂತಿರಬೇಕಿತ್ತು ನನಗೆ. ಬೇರೆ ಎಂತದ್ದೂ ಬೇಡವಾಗಿತ್ತು."

ಬೆಂಜಮಿನ್ ಕರಡಿಗೆಯನ್ನು ತಿರುಗಿಸಿ ತಳ ನೋಡಿದ, ಬದಿ ಸವರಿದ.

"ಎಷ್ಟು ಕೊಟ್ಟೆ?"

"ಅರವತ್ತು."

"ನಿನ್ನ ಹಗ್ಗದ ಕೂಲಿ ಸೇರಿಸಿಯಾ?"

"ಅದನ್ನು ಸೇರಿಸಿದ್ದರೆ ನನಗೆ ಕೊಳ್ಳಲಿಕ್ಕೆ ಆಗುತ್ತಿತ್ತಾ?"

ಅವನು ನಕ್ಕುಬಿಟ್ಟ. ಕೋಳಿಗಳು ಬೆದರಿ ಲೇತಿನಿಂದ ಕೆಳಗೆ ಹಾರಿದವು.

ಆ ಶನಿವಾರ ಕೂಲಿ ತೆಗೆದುಕೊಂಡು ಬರುವಾಗ ಬೆಂಜಮಿನ್ ಕಟಪಾಡಿಯಲ್ಲಿ ಇಳಿದು ಬಾವಿಗೆ ಹೊಸ ಹಗ್ಗ ತಂದ. ಕೊಡಪಾನದಿಂದ ಲೇತಿನ ಹಗ್ಗವನ್ನು ಬಿಚ್ಚಿ, ಒಣಗಲಿ ಎಂದು ಅಂಗಳದ ಉದ್ದಕ್ಕೂ ಎಳೆದು ಕಟ್ಟಿದ.